ಸೆರಾಮಿಕ್ ಕೋಟಿಂಗ್ ಆದ ಹೈಡ್ರಾಲಿಕ್ ರಾಡ್ ಬಂತಾ? ಫಿಟ್ ಮಾಡೋ ಮುಂಚೆ ಹಿಂಗೆ ಟೆಸ್ಟ್ ಮಾಡಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಸಿಲಿಂಡರ್ ಮಾಡೋರು, ಹಳೇದನ್ನ ರಿಪೇರಿ ಮಾಡೋರು ಈಗೀಗ ಸಿಲಿಂಡರ್ ಒಳಗೆ ಹೊರಗೆ ಓಡಾಡೋ ರಾಡ್‌ಗೆ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಬದ್ಲು ಸೆರಾಮಿಕ್ ಕೋಟಿಂಗ್ ಕೇಳ್ತಿದಾರೆ. ಕೇಳೋದೇನೋ ಸರಿ, ಆದ್ರೆ ರಾಡ್ ವಾಪಸ್ ಬಂದ್ಮೇಲೆ ಏನು ನೋಡ್ಬೇಕು ಅನ್ನೋದು ಸುಮಾರು ಜನಕ್ಕೆ ಗೊತ್ತಿರಲ್ಲ. ಕಪ್ಪಗೆ ಮಿರಮಿರ ಅಂತಿರತ್ತೆ, ಜೊತೆಗೊಂದು ಟೆಸ್ಟ್ ಸರ್ಟಿಫಿಕೇಟ್ ಬರತ್ತೆ, ಅದ್ರಲ್ಲಿ ಹಾರ್ಡ್‌ನೆಸ್ ಇಷ್ಟು, ಬಾಂಡ್ ಸ್ಟ್ರೆಂತ್ ಇಷ್ಟು, ಎಲ್ಲ ಓಕೆ ಅಂತ ಸೀಲ್ ಹೊಡ್ದಿರ್ತಾರೆ, ನಾವೂ ನೋಡಿ ಸ್ಟೋರ್‌ಗೆ ಹಾಕ್ಬಿಡ್ತೀವಿ. ಆ ಸರ್ಟಿಫಿಕೇಟ್ ಹೇಳೋದು ಒಂದಿಂಚಿನ ಕೂಪನ್, ಅಂದ್ರೆ ಟೆಸ್ಟ್‌ಗೆ ಅಂತ ಕೋಟ್ ಮಾಡಿದ ಸಣ್ಣ ಬಿಲ್ಲೆ ಬಗ್ಗೆ. ನಿಮ್ಮ ರಾಡ್ ಬಗ್ಗೆ ಅದು ಏನೂ ಹೇಳಲ್ಲ.

ಕ್ರೋಮ್ ಯಾಕೆ ಬಿಡ್ತಿದಾರೆ ಅಂದ್ರೆ, ಒಂದು, ಅದರಲ್ಲಿ ಹುಟ್ಟಿನಿಂದಲೇ ಸಣ್ಣ ಸಣ್ಣ ಕ್ರ್ಯಾಕ್ ಇರತ್ತೆ, ಕಸದ ಕಾಂಪ್ಯಾಕ್ಟರ್ ಲಾರಿ ತರ ಸದಾ ಕೊಳೆನೀರು ಸೋರೋ ಜಾಗದಲ್ಲಿ ಬೇಗ ತುಕ್ಕು ಹಿಡಿಯತ್ತೆ. ಇನ್ನೊಂದು, ಯುರೋಪಲ್ಲಿ ರೀಚ್ ಅನ್ನೋ ಕೆಮಿಕಲ್ ಕಾನೂನಿನ ಪ್ರಕಾರ 2017ರ ಸೆಪ್ಟೆಂಬರ್ 21ರಿಂದ ಪರ್ಮಿಷನ್ ಇಲ್ದೆ ಕ್ರೋಮ್ ಪ್ಲೇಟಿಂಗ್‌ಗೆ ಹಾಕೋ ಕ್ರೋಮಿಯಂ ಟ್ರೈಆಕ್ಸೈಡ್ ಬಳಸೋ ಹಾಗಿಲ್ಲ. ಈ ರೂಲ್ ಇರೋದು ಅಲ್ಲಿನ ಪ್ಲೇಟಿಂಗ್ ಬಾತ್‌ಗೆ, ನಾವು ಕಳ್ಸೋ ಪ್ಲೇಟ್ ಆದ ರಾಡ್‌ಗೆ ನೇರವಾಗಿ ಅಲ್ಲ, ಆದ್ರೂ ಎಕ್ಸ್‌ಪೋರ್ಟ್ ಪಾರ್ಟಿಗಳು ಬೇರೆ ಏನಿದೆ ಅಂತ ಕೇಳೇ ಕೇಳ್ತಾರೆ.

ಮೊದ್ಲು ನಿಮಗೆ ಕೊಟ್ಟಿರೋದು ಯಾವ್ದು ಅಂತ ತಿಳ್ಕೊಳ್ಳಿ

ಮಾರ್ಕೆಟ್‌ನಲ್ಲಿ ಮೂರು ಬೇರೆ ಬೇರೆ ಮಾಲಿಗೆ ಸೆರಾಮಿಕ್ ಅಂತಾರೆ. ಪ್ಲಾಸ್ಮಾ ಸ್ಪ್ರೇ ಮಾಡಿದ ಕ್ರೋಮಿಯಂ ಆಕ್ಸೈಡ್, ಅಚ್ಚ ಕಪ್ಪು. ಅಲ್ಯೂಮಿನಾ-ಟೈಟಾನಿಯಾ, ಇದು ಬೂದು ಮಿಶ್ರಿತ ಕಪ್ಪು, ಟೈಟಾನಿಯಾ 13 ಪರ್ಸೆಂಟ್ ಇರೋದೂ ಇದೆ 40 ಇರೋದೂ ಇದೆ. ಮೂರನೇದು ಎಚ್‌ವಿಒಎಫ್ ಅನ್ನೋ ಅತಿ ವೇಗದ ಜ್ವಾಲೆಯ ಗನ್ನಲ್ಲಿ ಹೊಡೆಯೋ ಟಂಗ್‌ಸ್ಟನ್ ಕಾರ್ಬೈಡ್, ಇದು ನೋಡೋಕೆ ಲೋಹದ ತರಾನೇ ಇರತ್ತೆ, ನಿಜ ಹೇಳ್ಬೇಕಂದ್ರೆ ಇದು ಕೋಬಾಲ್ಟ್-ಕ್ರೋಮ್ ಒಳಗೆ ಕಾರ್ಬೈಡ್ ಕೂರ್ಸಿರೋ ಸರ್ಮೆಟ್, ಪೂರ್ತಿ ಸೆರಾಮಿಕ್ ಅಲ್ಲ. ಯಾವುದು ಅಂತ ಗೊತ್ತಿಲ್ದೆ ಟೆಸ್ಟ್ ಶುರು ಮಾಡ್ಬೇಡಿ, ಯಾಕಂದ್ರೆ ಒಂದಕ್ಕೆ ಆಗೋ ಟೆಸ್ಟ್ ಇನ್ನೊಂದಕ್ಕೆ ಆಗಲ್ಲ. ಕಾರಿಗೆ ಬಳಿಯೋ ಸೆರಾಮಿಕ್ ಕೋಟಿಂಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅದನ್ನೂ ಕೇಳೋರಿದಾರೆ ಅಂತ ಹೇಳಿದೆ ಅಷ್ಟೇ.

ರಾಡ್ ಮೇಲೆ ಮೊದ್ಲು ಹಿಡಿತಕ್ಕೆ ಅಂತ ನಿಕ್ಕಲ್-ಕ್ರೋಮ್ ಬಾಂಡ್ ಕೋಟ್ ಹೊಡೀತಾರೆ, ಅದರ ಮೇಲೆ ಸೆರಾಮಿಕ್, ಸಾಮಾನ್ಯವಾಗಿ ಫಿನಿಶ್ ಆದ್ಮೇಲೆ 150ರಿಂದ 300 ಮೈಕ್ರಾನ್ ಉಳಿಯತ್ತೆ. ಕರಗಿದ ಪುಡಿ ಹೋಗಿ ಬಡಿದು ಚಪ್ಪಟೆ ಆಗಿ ಒಂದರ ಮೇಲೊಂದು ಕೂರತ್ತೆ, ಅಡ್ಡ ಕಟ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಚಿರೋಟಿ ಪದರದ ತರ ಕಾಣತ್ತೆ. ಪದರಗಳ ನಡುವೆ ಸಂದು ಇರತ್ತೆ, ಸಂದಿಂದ ಸಂದಿಗೆ ದಾರಿ ಸಿಕ್ರೆ ನೀರು ಸೀದಾ ಸ್ಟೀಲ್ ತನಕ ಇಳಿಯತ್ತೆ. ಸೆರಾಮಿಕ್ ತುಕ್ಕು ಹಿಡಿಯಲ್ಲ, ಕೆಳಗಿರೋ ಸ್ಟೀಲ್ ಹಿಡಿಯತ್ತೆ, ತುಕ್ಕು ಉಬ್ಬಿ ಕೋಟಿಂಗ್‌ನ ಚಕ್ಕೆ ಚಕ್ಕೆಯಾಗಿ ಎಬ್ಬಿಸತ್ತೆ, ಆ ಚಕ್ಕೆ ರಾಡ್ ಸುತ್ತ ಎಣ್ಣೆ ತಡೆಯೋ ಸೀಲ್‌ನ ಹರಿಯತ್ತೆ, ಆಮೇಲೆ ಎಣ್ಣೆ ಸೋರಿಕೆ. ಅದಕ್ಕೇ ಕೋಟಿಂಗ್ ಮೇಲೆ ಎಪಾಕ್ಸಿ ಇಲ್ಲ ಫಿನಾಲಿಕ್ ಸೀಲರ್ ಕುಡಿಸ್ತಾರೆ. ಹಾಗಾಗಿ ಹಾರ್ಡ್‌ನೆಸ್ ನಂಬರ್ ನೋಡಿ ಖುಷಿ ಪಡೋದಕ್ಕಿಂತ ತೂತು ಎಲ್ಲಿದೆ, ಅಂಚು ಹೆಂಗಿದೆ ಅನ್ನೋದನ್ನ ಮೊದ್ಲು ನೋಡ್ಬೇಕು.

ಆರ್ಡರ್ ಕೊಡುವಾಗಲೇ ಕೇಳ್ಬೇಕಾದ್ದು

ಟೆಸ್ಟಿಂಗ್ ಶುರುವಾಗೋದು ಪಿಒ (ಪರ್ಚೇಸ್ ಆರ್ಡರ್) ಬರೆಯೋವಾಗ. ನಿಮ್ಮ ರಾಡ್‌ನ ಅದೇ ಡಯಾ, ಅದೇ ಸ್ಟೀಲ್‌ನ 300 ಮಿಮೀ ತುಂಡು ಮೂರ್ನಾಲ್ಕು ಕಳ್ಸಿ, ರಾಡ್ ಜೊತೆಗೇ ಅದೇ ದಿನ ಅದೇ ಸೆಟ್ಟಿಂಗಲ್ಲಿ ಕೋಟ್ ಮಾಡ್ಲಿ ಅಂತ ಬರೀರಿ. ಚಪ್ಪಟೆ ಕೂಪನ್ ಮೇಲೆ ಹೊಡೆಯೋದು ಸುಲಭ, ತಿರುಗೋ ದುಂಡು ರಾಡ್ ಮೇಲೆ ಗನ್ ಕೋನ, ವೇಗ, ಬಿಸಿ ಎಲ್ಲ ಬೇರೆ. ಜೊತೆಗೆ ಗ್ರಿಟ್ ಬ್ಲಾಸ್ಟಿಂಗ್ (ಮೊನೆ ಕಣ ಹೊಡೆದು ಮೇಲ್ಮೈ ಒರಟು ಮಾಡೋದು) ಆಗಿ ಎಷ್ಟು ಹೊತ್ತಿಗೆ ಸ್ಪ್ರೇ ಮಾಡ್ತೀರಾ ಅಂತ ಕೇಳಿ, ಮಳೆಗಾಲದಲ್ಲಿ ಬ್ಲಾಸ್ಟ್ ಆದ ಮೇಲ್ಮೈ ನೋಡ್ತಾ ನೋಡ್ತಾ ಕೆಂಪಾಗತ್ತೆ, ಎರಡು ಗಂಟೆ ಒಳಗೆ ಹೊಡೆದ್ರೆ ಒಳ್ಳೇದು. ಸ್ಪ್ರೇ ಮಾಡುವಾಗ ರಾಡ್ 150 ಡಿಗ್ರಿ ದಾಟದ ಹಾಗೆ ಏರ್ ಕೂಲಿಂಗ್ ಇಟ್ಟಿರ್ಬೇಕು. ಸೀಲರ್ ಯಾವ್ದು, ಎಷ್ಟು ಟೆಂಪರೇಚರ್ ತಡೆಯತ್ತೆ, ಗ್ರೈಂಡಿಂಗ್‌ಗೆ ಮುಂಚೆ ಹಾಕಿದ್ದಾ ಆಮೇಲೆ ಹಾಕಿದ್ದಾ, ಇದನ್ನೂ ಕೇಳಿ. ಮುಂಚೆ ಮಾತ್ರ ಹಾಕಿದ್ರೆ ಗ್ರೈಂಡಿಂಗಲ್ಲಿ ಸೀಲರ್ ಇಳಿದಿರೋ ಪದರವೇ ಹೋಗಿ ಹೊಸ ಸಂದುಗಳು ಬಾಯಿ ತೆರೆದಿರ್ಬಹುದು. ಉತ್ತರ ತಡವರಿಸ್ಕೊಂಡು ಬಂದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ.

ಅಳತೆ: ದಪ್ಪ ಒಂದೇ ಕಡೆ ನೋಡಿದ್ರೆ ಸಾಲಲ್ಲ

ಇಲ್ಲಿ ಒಂದು ಲೆಕ್ಕ ತಗೊಳ್ಳಿ. 80 ಮಿಮೀ ರಾಡ್, ಎಫ್7 ಟಾಲರೆನ್ಸ್ (ಸೈಜ್ ಎಷ್ಟು ಆಚೀಚೆ ಇರ್ಬಹುದು ಅನ್ನೋ ಸ್ಟ್ಯಾಂಡರ್ಡ್ ಮಿತಿ) ಅಂದ್ರೆ ಫಿನಿಶ್ ಸೈಜ್ 79.940ರಿಂದ 79.970. ಪ್ರತಿ ಬದಿಗೆ 200 ಮೈಕ್ರಾನ್ ಬೇಕಂದ್ರೆ ಕೋಟಿಂಗ್‌ಗೆ ಮುಂಚೆ ರಾಡ್‌ನ ಸುಮಾರು 79.555ಕ್ಕೆ ಇಳಿಸಿರ್ಬೇಕು. ಈ ಮುಂಚಿನ ರೀಡಿಂಗ್‌ನ ನೀವೇ ತಗೊಂಡು ಬರ್ದಿಟ್ಕೊಳ್ಳಿ, ಜಾಬ್ ವರ್ಕ್‌ನೋರ್ನ ಆಮೇಲೆ ಕೇಳಿದ್ರೆ ಸಿಗೋ ನಂಬರ್ ಮೇಲೆ ಭರವಸೆ ಇಡೋಕಾಗಲ್ಲ. ಮೈಕ್ರೋಮೀಟರ್ ಹಾಕೋ ಮುಂಚೆ ರಾಡ್ ಕೂಲ್ ಆಗಿದೆಯಾ ನೋಡಿ. ಸ್ಟೀಲ್ ಒಂದು ಮೀಟರಿಗೆ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗತ್ತೆ, ಅಂದ್ರೆ 80 ಮಿಮೀ ಡಯಾ 10 ಡಿಗ್ರಿ ಬಿಸಿ ಇದ್ರೆ 9 ಮೈಕ್ರಾನ್ ದಪ್ಪ ತೋರಿಸತ್ತೆ, 30 ಮೈಕ್ರಾನ್ ಟಾಲರೆನ್ಸಲ್ಲಿ ಅದು ಮೂರನೇ ಒಂದು ಭಾಗ. ಏಪ್ರಿಲ್ ಮಧ್ಯಾಹ್ನ ಶೀಟ್ ಶೆಡ್ ಕೆಳಗೆ ಇದು ದಿನಾ ಆಗೋ ವಿಷ್ಯ.

ಮೈಕ್ರೋಮೀಟರ್ ಬರೀ ಡಯಾ ಹೇಳತ್ತೆ. ಕೋಟಿಂಗ್ ಮಾಡಿದ ರಾಡ್‌ನ ಗ್ರೈಂಡರ್ ಮೇಲೆ ಮತ್ತೆ ಕೂರ್ಸುವಾಗ ಸೆಂಟರ್ ಸ್ವಲ್ಪ ಆಚೀಚೆ ಆದ್ರೆ ಒಂದು ಬದಿ 280 ಮೈಕ್ರಾನ್ ಉಳಿದು ಎದುರು ಬದಿ 120 ಆಗಿರತ್ತೆ, ಡಯಾ ಮಾತ್ರ ಪಕ್ಕಾ. ಇದನ್ನ ಹಿಡಿಯೋಕೆ ಎಲ್ಕೋಮೀಟರ್ ಅಂತ ಎಲ್ರೂ ಕರೆಯೋ ಮ್ಯಾಗ್ನೆಟಿಕ್ ಥಿಕ್‌ನೆಸ್ ಗೇಜ್ ಬೇಕು. ಅದನ್ನ ಚಪ್ಪಟೆ ಪ್ಲೇಟ್ ಮೇಲೆ ಝೀರೋ ಮಾಡ್ಬೇಡಿ, ಅದೇ ಡಯಾದ ಕೋಟ್ ಆಗದ ರಾಡ್ ತುಂಡಿನ ಮೇಲೆ ಮಾಡಿ, ಇಲ್ಲಾಂದ್ರೆ ಮೇಲ್ಮೈ ದುಂಡಗಿರೋದಕ್ಕೇ ರೀಡಿಂಗ್ ತಪ್ಪತ್ತೆ. ಆಮೇಲೆ ರಾಡ್ ಉದ್ದಕ್ಕೂ ಪ್ರತಿ 200-300 ಮಿಮೀಗೆ ಒಂದು ಗೆರೆ ಹಾಕಿ ಪ್ರತಿ ಗೆರೆಯಲ್ಲಿ ನಾಲ್ಕು ದಿಕ್ಕಿಗೂ ರೀಡಿಂಗ್ ತಗೊಳ್ಳಿ. ಅದು ತೋರ್ಸೋದು ಬಾಂಡ್ ಕೋಟ್ ಪ್ಲಸ್ ಸೆರಾಮಿಕ್ ಒಟ್ಟು ದಪ್ಪ. ಬಾಂಡ್ ಕೋಟ್ ನಿಕ್ಕಲ್-ಅಲ್ಯೂಮಿನಿಯಂ ಆಗಿದ್ರೆ ರೀಡಿಂಗ್ ಸ್ವಲ್ಪ ಏರುಪೇರಾಗ್ಬಹುದು, 304, 316 ಸ್ಟೇನ್‌ಲೆಸ್ ರಾಡ್‌ಗೆ ಮ್ಯಾಗ್ನೆಟಿಕ್ ಗೇಜ್ ನಡೆಯೋದೇ ಇಲ್ಲ, ಎಡಿ ಕರೆಂಟ್ ಮೋಡ್ ಇರೋದು ತಗೊಳ್ಳಿ.

ಕಣ್ಣು, ಉಗುರು, ಆಮೇಲೆ ರಫ್‌ನೆಸ್

ಟ್ಯೂಬ್‌ಲೈಟ್ ಬೆಳಕು ರಾಡ್ ಮೇಲೆ ಉದ್ದಕ್ಕೆ ಬೀಳೋ ಹಾಗೆ ಹಿಡಿದು ನಿಧಾನಕ್ಕೆ ತಿರುಗ್ಸಿ, ಬೆಳಕಿನ ಗೆರೆ ಎಲ್ಲಿ ಮುರಿಯತ್ತೋ ಅಲ್ಲಿ ಪೆನ್ಸಿಲ್ ಮಾರ್ಕ್ ಹಾಕಿ. ಕೋಟಿಂಗ್ ಮುಗಿಯೋ ಅಂಚು, ತ್ರೆಡ್ ಪಕ್ಕದ ಚಾಂಫರ್, ಪಿಸ್ಟನ್ ಕೂರೋ ಸ್ಟೆಪ್, ಇವುಗಳ್ನ 10 ಎಕ್ಸ್ ಲೆನ್ಸಲ್ಲಿ ನೋಡ್ಲೇಬೇಕು, ಚಕ್ಕೆ ಏಳೋದು ಬಹುತೇಕ ಅಲ್ಲಿಂದಾನೇ. ಉಗುರಿಗೆ ಅಂಚು ಸಿಕ್ಕಿದ್ರೆ ಸೀಲ್ ತುಟಿಗೂ ಸಿಗತ್ತೆ.

ರಫ್‌ನೆಸ್ ಟೆಸ್ಟರ್‌ನ ರಾಡ್ ಉದ್ದಕ್ಕೇ ಓಡ್ಸಿ, ಕಟ್ ಆಫ್ ಸೆಟ್ಟಿಂಗ್ 0.8 ಮಿಮೀ. ಆರ್‌ಎ, ಅಂದ್ರೆ ಸರಾಸರಿ ಒರಟುತನ, 0.1ರಿಂದ 0.3 ಮೈಕ್ರಾನ್ ಇದ್ರೆ ಹೆಚ್ಚಿನ ಸೀಲ್‌ಗಳಿಗೆ ಸರಿ, ಆದ್ರೂ ನಿಮ್ಮ ಸೀಲ್ ಕ್ಯಾಟಲಾಗ್ ಏನು ಹೇಳತ್ತೆ ಅದನ್ನೇ ಹಿಡೀರಿ. ತೀರಾ ನುಣುಪಾದ್ರೆ ಎಣ್ಣೆ ಪೊರೆ ನಿಲ್ಲಲ್ಲ, ಸೀಲ್ ಒಣಗಿ ಉಜ್ಜತ್ತೆ. ಸೆರಾಮಿಕಲ್ಲಿ ಬರೀ ಆರ್‌ಎ ನಂಬೋಕಾಗಲ್ಲ, ಮೇಲ್ಮೈ ಸಂದುಗಳು ಆಳದ ಗುಂಡಿ ತರ ಸಿಕ್ಕಿ ನಂಬರ್ ಕೆಡಿಸ್ತವೆ, ಸೀಲ್‌ಗೆ ಗುಂಡಿಗಿಂತ ಎದ್ದಿರೋ ಮೊನೆ ಅಪಾಯ. ಹಾಗಾಗಿ ಮೊನೆಗಳ ಎತ್ತರ ಹೇಳೋ ಆರ್‌ಪಿಕೆ, ಮೇಲ್ಮೈಯಲ್ಲಿ ತಾಗೋ ಭಾಗ ಎಷ್ಟು ಅಂತ ಹೇಳೋ ಮೆಟೀರಿಯಲ್ ರೇಶಿಯೋ, ಇವನ್ನೂ ಕೇಳಿ. ಒಳ್ಳೇ ಅಂಗಡಿಯೋರು ಡೈಮಂಡ್ ವೀಲಲ್ಲಿ ಗ್ರೈಂಡ್ ಮಾಡಿ ಡೈಮಂಡ್ ಬೆಲ್ಟಲ್ಲಿ ಸೂಪರ್ ಫಿನಿಶ್ ಮಾಡಿರ್ತಾರೆ. ಮಾಮೂಲಿ ವೀಲ್ ಹಾಕಿ ಎಳೆದಿದ್ರೆ ಗ್ರೈಂಡಿಂಗ್ ಕ್ರ್ಯಾಕ್ ಇರೋ ಚಾನ್ಸ್ ಜಾಸ್ತಿ.

ತೂತು ಹುಡುಕೋದು, ಇದೇ ಮುಖ್ಯ

ನಿಜವಾದ ರಾಡ್ ಮೇಲೇ, ಏನೂ ಹಾಳಾಗದ ಹಾಗೆ ಮಾಡೋ ಟೆಸ್ಟ್ ಅಂದ್ರೆ ವೆಟ್ ಸ್ಪಂಜ್ ಹಾಲಿಡೇ ಟೆಸ್ಟ್. ಹಾಲಿಡೇ ಅಂದ್ರೆ ಇಲ್ಲಿ ಕೋಟಿಂಗಲ್ಲಿರೋ ತೂತು, ತೂತಿದ್ರೆ ಸ್ಪಂಜಿನ ನೀರು ಸ್ಟೀಲ್ ಮುಟ್ಟಿ ಕರೆಂಟ್ ಹರಿದು ಮೆಶಿನ್ ಬೀಪ್ ಅನ್ನತ್ತೆ. ಪೇಂಟ್, ಪೈಪ್‌ಲೈನ್ ಇನ್ಸ್‌ಪೆಕ್ಷನ್‌ನೋರ ಹತ್ರ ಈ ಮೆಶಿನ್ ಇರತ್ತೆ, 9, 67.5, 90 ವೋಲ್ಟ್ ಸೆಟ್ಟಿಂಗ್ ಬರ್ತವೆ, 500 ಮೈಕ್ರಾನ್ ಒಳಗಿನ ಕೋಟಿಂಗ್‌ಗೆ ಇದೇ ಸರಿ. ರಾಡ್‌ನ ಥಿನ್ನರಲ್ಲಿ ಒರೆಸಿ ಪೂರ್ತಿ ಒಣಗ್ಸಿ, ಎಣ್ಣೆ ಪಸೆ ಇದ್ರೆ ನೀರು ಒಳಗೆ ಇಳಿಯಲ್ಲ. ಅರ್ತ್ ಕ್ಲಿಪ್‌ನ ತ್ರೆಡ್ ಇಲ್ಲ ಐ ಎಂಡ್‌ನ (ಪಿನ್ ಕೂರೋ ತೂತಿರೋ ತುದಿ) ಬರೀ ಲೋಹಕ್ಕೆ ಕಚ್ಸಿ. ಸ್ಪಂಜ್‌ನ ನೀರಲ್ಲಿ ಅದ್ದಿ, ನೀರಿಗೆ ಎರಡು ಹನಿ ಲಿಕ್ವಿಡ್ ಸೋಪ್ ಹಾಕಿ, ತೊಟ್ಟಿಕ್ಕದಷ್ಟು ಹಿಂಡಿ. ಮೊದ್ಲು ಬರೀ ಲೋಹಕ್ಕೆ ತಾಗ್ಸಿ ಬೀಪ್ ಬರತ್ತಾ ನೋಡಿ. ಆಮೇಲೆ ಸ್ಪಂಜ್‌ನ ನಿಧಾನಕ್ಕೆ ಉದ್ದಕ್ಕೂ ಎಳೀರಿ, ಒಂದೇ ಜಾಗದ ಮೇಲೆ ಎರಡು ಸಲ. ಬೀಪ್ ಆದ ಕಡೆ ಸ್ಪಂಜಿನ ಮೂಲೆಯಿಂದ ಒತ್ತಿ ಸರಿಯಾದ ಬಿಂದು ಹುಡುಕಿ ಮಾರ್ಕ್ ಮಾಡಿ. ಅಂಚಿನ ಹತ್ರ 10-15 ಮಿಮೀ ಒಣಗಿರೋ ಪಟ್ಟಿ ಬಿಡಿ, ನೀರು ಹರಿದು ಬರೀ ಲೋಹ ಮುಟ್ಟಿದ್ರೆ ಸುಮ್ ಸುಮ್ನೆ ಬೀಪ್ ಬರತ್ತೆ, ಜಗಳ ಶುರುವಾಗೋದು ಅಲ್ಲೇ.

ಇದು ಅಲ್ಯೂಮಿನಾ ಜಾಸ್ತಿ ಇರೋ ಕೋಟಿಂಗ್‌ಗೆ ಚೆನ್ನಾಗಿ ನಡೆಯತ್ತೆ. ಟೈಟಾನಿಯಾ 40 ಪರ್ಸೆಂಟ್ ಇರೋದು, ಕ್ರೋಮಿಯಂ ಆಕ್ಸೈಡ್, ಇವು ಅಷ್ಟು ಒಳ್ಳೇ ಇನ್ಸುಲೇಟರ್ ಅಲ್ಲ, ತೂತಿಲ್ದೇನೂ ಮೆಶಿನ್ ಕೂಗ್ಬಹುದು. ಹಂಗಾದ್ರೆ ನಿಮ್ಮ ಹತ್ರ ಇರೋ ಒಳ್ಳೇದು ಅಂತ ಗೊತ್ತಿರೋ ಟೆಸ್ಟ್ ತುಂಡಿನ ಮೇಲೆ ಮೊದ್ಲು ನೋಡಿ ಹೋಲಿಸಿ. ಟಂಗ್‌ಸ್ಟನ್ ಕಾರ್ಬೈಡ್ ಕೋಟಿಂಗೇ ಕರೆಂಟ್ ಹರಿಸತ್ತೆ, ಅದಕ್ಕೆ ಈ ಟೆಸ್ಟ್ ದಂಡ. ಹೈ ವೋಲ್ಟೇಜ್ ಸ್ಪಾರ್ಕ್ ಟೆಸ್ಟರ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಬೇಡ ಅನ್ನಿ, ಅದು ಇಷ್ಟು ತೆಳು ಕೋಟಿಂಗ್‌ಗೆ ತಾನೇ ತೂತು ಸುಟ್ಟು ಹಾಕತ್ತೆ.

ಇನ್ನೊಂದು ಫೆರಾಕ್ಸಿಲ್ ಟೆಸ್ಟ್. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಉಪ್ಪು ಕರಗ್ಸಿದ ನೀರಲ್ಲಿ ಫಿಲ್ಟರ್ ಪೇಪರ್ ನೆನೆಸಿ ರಾಡ್ ತುಂಡಿಗೆ ಗುಳ್ಳೆ ಇಲ್ದಂಗೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದ್ರೆ ಸ್ಟೀಲ್ ತನಕ ದಾರಿ ಇರೋ ಜಾಗದಲ್ಲೆಲ್ಲ ಪೇಪರ್ ಮೇಲೆ ಕಡುನೀಲಿ ಚುಕ್ಕಿ ಎದ್ದಿರತ್ತೆ. ಚುಕ್ಕಿ ಎಣ್ಸಿ, ಪೇಪರ್ ಒಣಗ್ಸಿ ಫೈಲಲ್ಲಿ ಇಟ್ರೆ ಅದಕ್ಕಿಂತ ಒಳ್ಳೇ ರೆಕಾರ್ಡ್ ಇಲ್ಲ. ಕೈಗೆ ಗ್ಲೌಸ್ ಹಾಕಿ, ಆ ದ್ರಾವಣದ ಹತ್ರ ಆಸಿಡ್ ಬರ್ಬಾರ್ದು, ವಿಷದ ಗ್ಯಾಸ್ ಏಳತ್ತೆ. ಇದನ್ನ ಟೆಸ್ಟ್ ತುಂಡಿನ ಮೇಲೆ ಮಾತ್ರ ಮಾಡಿ, ಫಿಟ್ ಆಗೋ ರಾಡ್ ಮೇಲೆ ಬೇಡ, ಉಪ್ಪು ಸಂದಿಗೆ ಇಳಿದ್ರೆ ನಾವೇ ತುಕ್ಕಿಗೆ ಊಟ ಹಾಕಿದಂಗಾಗತ್ತೆ. ಎಲ್ಲರ ಹತ್ರ ಸಿಗೋ ಡೈ ಪೆನೆಟ್ರೆಂಟ್ (ಕ್ರ್ಯಾಕ್ ತೋರ್ಸೋ ಕೆಂಪು ಬಣ್ಣ) ಕೂಡ ಬೇಡ, ಸಂದಿರೋ ಸೆರಾಮಿಕ್ ಮೇಲೆ ಹೊಡೆದ್ರೆ ಇಡೀ ರಾಡ್ ಕೆಂಪಾಗ್ಬಹುದು, ಏನೂ ತಿಳಿಯಲ್ಲ.

ಲ್ಯಾಬಿಗೆ ಕಳ್ಸೋ ತುಂಡುಗಳು

ಬೆಂಗ್ಳೂರಲ್ಲಿ ಲ್ಯಾಬ್‌ಗೆ ಬರ ಇಲ್ಲ, ಪೀಣ್ಯದಲ್ಲೇ ಸಾಕಷ್ಟಿವೆ, ಅಳತೆ ಕೆಲಸಕ್ಕೆ ತುಮಕೂರು ರಸ್ತೆಯ ಸಿಎಂಟಿಐ ಇದೆ, 1962ರಿಂದ ಮೆಶಿನ್ ಟೂಲ್ ಕ್ಷೇತ್ರದಲ್ಲಿ ಇರೋ ಸಂಸ್ಥೆ. ಹೊರಗಡೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಬೋರ್ಡ್ ಇದ್ರೆ ಸಾಲಲ್ಲ, ನಿಮಗೆ ಬೇಕಾಗಿರೋ ಟೆಸ್ಟ್ ಅವರ ಸ್ಕೋಪಲ್ಲಿ ಇದೆಯಾ ಅಂತ ಎನ್‌ಎಬಿಎಲ್ ವೆಬ್‌ಸೈಟಲ್ಲಿ ನೋಡಿ ಆಮೇಲೆ ಹೋಗಿ.

ಮೈಕ್ರೋ ಸೆಕ್ಷನ್ (ತುಂಡನ್ನ ಅಡ್ಡ ಕಟ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡೋದು) ಮಾಡ್ಸುವಾಗ ಮೂರು ಮಾತು ಹೇಳಿ ಕೊಡಿ. ಕಟಿಂಗ್ ವೀಲ್ ಕೋಟಿಂಗ್ ಕಡೆಯಿಂದ ಒಳಗೆ ಹೋಗ್ಬೇಕು, ಸ್ಟೀಲ್ ಕಡೆಯಿಂದ ಬಂದ್ರೆ ಕೋಟಿಂಗ್ ಕಿತ್ತು ಬರತ್ತೆ. ಕಟ್ ಆದ ತುಂಡನ್ನ ಅಚ್ಚಲ್ಲಿ ಕೂರ್ಸೋಕೆ ಬೇಕಲೈಟ್ ಹಾಟ್ ಮೌಂಟ್ ಬೇಡ, ವ್ಯಾಕ್ಯೂಮಲ್ಲಿ ಎಪಾಕ್ಸಿ ಇಳಿಸೋ ಕೋಲ್ಡ್ ಮೌಂಟ್ ಮಾಡಿ. ಪಾಲಿಶಿಂಗ್ ಅವಸರ ಬೇಡ, ಅವಸರದಲ್ಲಿ ಕಣ ಕಿತ್ತು ಹೋದ ಗುಂಡಿ ಫೋಟೋದಲ್ಲಿ ತೂತಿನ ತರಾನೇ ಕಾಣತ್ತೆ, ಸುಮ್ನೆ ಒಳ್ಳೇ ಕೋಟಿಂಗ್ ರಿಜೆಕ್ಟ್ ಆಗತ್ತೆ. ಅದೇ ಸೆಕ್ಷನ್ ಮೇಲೆ 300 ಗ್ರಾಂ ಲೋಡಲ್ಲಿ ವಿಕರ್ಸ್ ಹಾರ್ಡ್‌ನೆಸ್ ಹತ್ತು ಕಡೆ ತಗೊಳ್ಳಿ. ಕ್ರೋಮಿಯಂ ಆಕ್ಸೈಡ್ ಸಾವಿರದ ಮೇಲೆ ಬರತ್ತೆ, ಅಲ್ಯೂಮಿನಾ-ಟೈಟಾನಿಯಾ ಅದಕ್ಕಿಂತ ಕಮ್ಮಿ. ಸರಾಸರಿಗಿಂತ ಹತ್ತು ರೀಡಿಂಗ್ ನಡುವಿನ ಅಂತರ ನೋಡಿ, 700 ಒಂದು ಕಡೆ 1300 ಇನ್ನೊಂದು ಕಡೆ ಅಂದ್ರೆ ಸ್ಪ್ರೇ ಸಮ ಇಲ್ಲ. ರಾಕ್‌ವೆಲ್ ಮೆಶಿನಲ್ಲಿ ರಾಡ್ ಮೇಲೆ ಒತ್ತಿ ನೋಡೋರಿದಾರೆ, 150 ಕೆಜಿ ಲೋಡ್ ಅಷ್ಟು ತೆಳು ಪದರ ಒಡೆದು ಕೆಳಗಿನ ಸ್ಟೀಲ್ ಹಾರ್ಡ್‌ನೆಸ್ ಹೇಳತ್ತೆ ಅಷ್ಟೇ.

ಬಾಂಡ್ ಸ್ಟ್ರೆಂತ್‌ಗೆ ಎಎಸ್‌ಟಿಎಂ ಸಿ633, 25.4 ಮಿಮೀ ದುಂಡು ಬಿಲ್ಲೆಗೆ ಕೋಟ್ ಮಾಡಿ ಅಂಟಲ್ಲಿ ಇನ್ನೊಂದು ಬಿಲ್ಲೆ ಅಂಟ್ಸಿ ಯುಟಿಎಂ ಅನ್ನೋ ಎಳೆತದ ಮೆಶಿನಲ್ಲಿ ಎಳೆಯೋದು. ಎಲ್ಲಿ ಬಿಟ್ಕೊಳ್ತು ಅನ್ನೋದು ನಂಬರಿಗಿಂತ ಮುಖ್ಯ: ಅಂಟಲ್ಲೇ ಬಿಟ್ರೆ ಕೋಟಿಂಗ್ ಅದಕ್ಕಿಂತ ಗಟ್ಟಿ ಅಂತ ಅರ್ಥ, ಬುಡದಲ್ಲಿ ಬಿಟ್ರೆ ಬ್ಲಾಸ್ಟಿಂಗ್ ಸರಿ ಆಗಿಲ್ಲ, ನಡುವೆ ಸೀಳಿದ್ರೆ ಪದರಗಳೇ ಒಂದಕ್ಕೊಂದು ಕಚ್ಚಿಲ್ಲ. ಪ್ಲಾಸ್ಮಾ ಸೆರಾಮಿಕ್‌ಗೆ 20ರಿಂದ 50 ಎಂಪಿಎ (ಮೆಗಾಪಾಸ್ಕಲ್) ಮಾಮೂಲಿ. ಸರ್ಟಿಫಿಕೇಟಲ್ಲಿ 80 ಅಂತ ಇದ್ರೆ ಕೋಟಿಂಗ್ ದಪ್ಪ ಎಷ್ಟಿತ್ತು ಕೇಳಿ, ಯಾಕಂದ್ರೆ ತೆಳು ಕೋಟಿಂಗ್‌ನ ಸಂದಿಂದ ಅಂಟು ಇಳಿದು ಸ್ಟೀಲ್‌ನೇ ಹಿಡ್ಕೊಂಡುಬಿಡತ್ತೆ, ಅದಕ್ಕೇ ಸ್ಟ್ಯಾಂಡರ್ಡೇ 0.38 ಮಿಮೀಗಿಂತ ದಪ್ಪ ಕೇಳತ್ತೆ. ನಿಮ್ಮ ರಾಡಲ್ಲಿ ಇರೋದು 0.2.

ಬಗ್ಗಿಸಿ, ಹೊಡೆದು, ಆಮೇಲೆ ಉಪ್ಪಿಗೆ ಹಾಕಿ

ಹೊಸ ತುಂಡನ್ನ ಸೀದಾ ಸಾಲ್ಟ್ ಸ್ಪ್ರೇಗೆ ಹಾಕಿ ಪಾಸ್ ಅನ್ನೋದು ನನಗೆ ಅಷ್ಟು ಇಷ್ಟ ಆಗಲ್ಲ. ಸೈಟಲ್ಲಿ ರಾಡ್ ಬಗ್ಗತ್ತೆ, ಜಲ್ಲಿ ಹಾರಿ ಬಡಿಯತ್ತೆ, ಸೆರಾಮಿಕ್ ಒತ್ತಡ ತಡೆಯತ್ತೆ, ಎಳೆತ ತಡೆಯಲ್ಲ. ಹಾಗಾಗಿ ಒಂದು ಉದ್ದ ತುಂಡು ಮಾಡ್ಸಿದ್ರೆ, ಎರಡು ವಿ ಬ್ಲಾಕ್ ಒಂದು ಮೀಟರ್ ದೂರ ಇಟ್ಟು ಮಧ್ಯ ಪ್ರೆಸ್ಸಲ್ಲಿ ಒತ್ತಿ, ಕೆಳಗೆ ಎಷ್ಟು ಬಗ್ತು ಅಂತ ಅಳೆಯೋ ಡಯಲ್ ಗೇಜ್ ಇಡಿ. ಮೇಲ್ಮೈ ಎಷ್ಟು ಹಿಗ್ತು ಅನ್ನೋಕೆ ಸುಲಭ ಲೆಕ್ಕ: 12 ಗುಣಿಸು ಬಗ್ಗಿದ ಅಳತೆ ಗುಣಿಸು ರಾಡ್ ತ್ರಿಜ್ಯ, ಭಾಗಿಸು ಸ್ಪ್ಯಾನ್‌ನ ವರ್ಗ. 80 ಮಿಮೀ ರಾಡ್ ಮಧ್ಯದಲ್ಲಿ 2 ಮಿಮೀ ಬಗ್ಗಿದ್ರೆ ಸುಮಾರು 0.1 ಪರ್ಸೆಂಟ್, ಅದಕ್ಕೆ ಹತ್ತಿರ ಹತ್ತಿರ 4 ಟನ್ ಬೇಕು. ನಿಮ್ಮ ಸಿಲಿಂಡರಲ್ಲಿ ಬರೋ ಬಾಗುವಿಕೆ ಎಷ್ಟೋ ಅಷ್ಟಕ್ಕೆ ಸ್ವಲ್ಪ ಜಾಸ್ತಿ ಸೇರ್ಸಿ ಅಲ್ಲಿ ತನಕ ಮಾತ್ರ ಬಗ್ಸಿ, ಕೆಳಗಿನ ಬದಿಯಲ್ಲಿ ಅಡ್ಡ ಗೆರೆ ಬಿಟ್ಟಿದೆಯಾ ಲೆನ್ಸಲ್ಲಿ ನೋಡಿ. ಇನ್ನೊಂದು ತುಂಡಿನ ಮೇಲೆ ಒಂದು ಕೆಜಿ ಸ್ಟೀಲ್ ಗುಂಡನ್ನ ಪೈಪ್ ಒಳಗಿಂದ ಒಂದು ಮೀಟರ್ ಎತ್ತರದಿಂದ ಬಿಡಿ, ಸುಮಾರು 10 ಜೂಲ್ ಪೆಟ್ಟು. ಪೆಟ್ಟು ಬಿದ್ದಲ್ಲಿ ಗುರುತು ಆದ್ರೆ ಪರ್ವಾಗಿಲ್ಲ, ಸುತ್ತ ಚಕ್ಕೆ ಏಳ್ಬಾರ್ದು.

ಈ ಬಗ್ಸಿದ, ಹೊಡೆದ ತುಂಡುಗಳ್ನ, ಜೊತೆಗೆ ಏನೂ ಮಾಡದ ಒಂದನ್ನ, ಸಾಲ್ಟ್ ಸ್ಪ್ರೇಗೆ ಕೊಡಿ. ಎಎಸ್‌ಟಿಎಂ ಬಿ117 ಇಲ್ಲ ಐಎಸ್‌ಒ 9227: 5 ಪರ್ಸೆಂಟ್ ಉಪ್ಪು, 35 ಡಿಗ್ರಿ, ಪಿಎಚ್ 6.5ರಿಂದ 7.2. ಕಟ್ ಆದ ತುದಿಗಳಿಗೆ ಮೇಣ ಇಲ್ಲ ಟೇಪ್ ಹಾಕ್ಸಿ, ಇಲ್ಲಾಂದ್ರೆ ತುದಿ ತುಕ್ಕು ಹರಿದು ಕೋಟಿಂಗ್ ಮೇಲೆ ಕಲೆ ಬಿದ್ದು ಯಾವುದು ಎಲ್ಲಿಂದ ಬಂತು ತಿಳಿಯಲ್ಲ. ಲ್ಯಾಬಿಗೆ ಹೋದ್ರೆ ಡಿಐ (ಲವಣ ತೆಗೆದ) ನೀರು ಹಾಕ್ತೀರಾ ಅಂತ ಒಂದು ಮಾತು ಕೇಳಿ, ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಟೆಸ್ಟ್‌ನ ಅರ್ಥವೇ ಹೋಗತ್ತೆ. 1000 ಗಂಟೆ ಅಂದ್ರೆ ಸುಮಾರು 42 ದಿನ, ಡೆಲಿವರಿ ಡೇಟ್ ಹಾಕುವಾಗ ಇದು ಲೆಕ್ಕದಲ್ಲಿರ್ಲಿ. ವಾರಕ್ಕೊಮ್ಮೆ ಫೋಟೋ ಕೇಳಿ, ಮೊದಲ ಕೆಂಪು ಚುಕ್ಕಿ ಯಾವ ಗಂಟೆಗೆ, ಯಾವ ಜಾಗದಲ್ಲಿ ಅನ್ನೋದೇ ನಿಮಗೆ ಬೇಕಾಗಿರೋ ಮಾಹಿತಿ. ಇಷ್ಟು ಗಂಟೆ ಪಾಸ್ ಅಂದ್ರೆ ಇಷ್ಟು ವರ್ಷ ಬಾಳಿಕೆ ಅಂತ ಯಾರಾದ್ರೂ ಗುಣಿಸಿ ಹೇಳಿದ್ರೆ ನಂಬ್ಬೇಡಿ. ಒಂದು ಕೋಟಿಂಗ್‌ನ ಇನ್ನೊಂದರ ಜೊತೆ ಹೋಲಿಸೋಕೆ ಅಷ್ಟೇ ಅದು.

ಕೊನೇದು, ಸೀಲ್ ಜೊತೆ ಓಡ್ಸೋದು

ನಿಮ್ಮದೇ ಗ್ಲ್ಯಾಂಡ್ (ರಾಡ್ ಹೊರಬರೋ ಕಡೆಯ ಮುಚ್ಚಳ), ನಿಮ್ಮದೇ ವೈಪರ್ (ಧೂಳು ಒರೆಸೋ ಸೀಲ್) ಮತ್ತೆ ರಾಡ್ ಸೀಲ್ ಹಾಕಿ ಟೆಸ್ಟ್ ಬೆಂಚ್ ಮೇಲೆ ನಿಜವಾದ ಪ್ರೆಶರಲ್ಲಿ ಓಡ್ಸಿ. ಶುರುವಿನಲ್ಲಿ ರಾಡ್ ಮೇಲೆ ತೆಳ್ಳಗೆ ಎಣ್ಣೆ ಪೊರೆ ಇರ್ಬೇಕು, ಹನಿ ಕಟ್ಬಾರ್ದು. ನಿಲ್ಸಿದಾಗೆಲ್ಲ ಬಿಳಿ ಬಟ್ಟೆಯಲ್ಲಿ ರಾಡ್ ಒರೆಸಿ, ಬಟ್ಟೆ ಮೇಲೆ ಸೀಲ್‌ನ ಬಣ್ಣದ ಪುಡಿ ಬಂದ್ರೆ ಮೇಲ್ಮೈ ಮೊನೆ ಸೀಲ್‌ನ ತುರೀತಿದೆ, ಮತ್ತೆ ಫಿನಿಶಿಂಗ್‌ಗೆ ವಾಪಸ್ ಕಳ್ಸಿ. ಮುಗಿದ್ಮೇಲೆ ಸೀಲ್ ಬಿಚ್ಚಿ ತುಟಿ ಲೆನ್ಸಲ್ಲಿ ನೋಡಿ, ರಾಡ್ ಮೇಲೆ ಅದೇ ನಾಲ್ಕು ದಿಕ್ಕಿನ ದಪ್ಪ, ಅದೇ ಜಾಗದ ರಫ್‌ನೆಸ್, ಮತ್ತೆ ವೆಟ್ ಸ್ಪಂಜ್ ಇನ್ನೊಂದ್ಸಲ. ಸೀಲರ್ ಎಣ್ಣೆಗೆ ಕರಗೋ ಜಾತಿದಾಗಿದ್ರೆ ಈ ಎರಡನೇ ಸ್ಪಂಜ್ ಟೆಸ್ಟಲ್ಲಿ ಬಯಲಾಗತ್ತೆ, ಆದ್ರೆ ಅದಕ್ಕೂ ಮುಂಚೆ ಎಣ್ಣೆ ಪಸೆ ಪೂರ್ತಿ ತೆಗೆದಿರ್ಬೇಕು.

ಪಾಸ್ ಆದ ರಾಡ್ ಎತ್ತುವಾಗ ಚೈನ್ ಬೇಡ, ಬೆಲ್ಟ್ ಸ್ಲಿಂಗ್ ಹಾಕಿ, ಇಡುವಾಗ ಕೆಳಗೆ ಮರದ ತುಂಡು ಇಲ್ಲ ರಬ್ಬರ್ ಇಡಿ, ಟೆಂಪೋಗೆ ಲೋಡ್ ಮಾಡೋ ಹುಡುಗ್ರಿಗೂ ಇದು ಕ್ರೋಮ್ ತರ ಅಲ್ಲ, ಅಂಚಿಗೆ ಪೆಟ್ಟು ಬಿದ್ರೆ ಒಡೆಯತ್ತೆ ಅಂತ ಬಾಯಿಬಿಟ್ಟು ಹೇಳಿ. ರೀಡಿಂಗ್ ಶೀಟ್ ಮೇಲೆ ರಾಡ್‌ನ ಸೀರಿಯಲ್ ನಂಬರ್ ಬರ್ದು, ಉಳಿದ ಒಂದು ಟೆಸ್ಟ್ ತುಂಡಿನ ಜೊತೆ ಎತ್ತಿಡಿ, ಮುಂದಿನ ಸರ್ವಿಸ್‌ಗೆ ರಾಡ್ ವಾಪಸ್ ಬಂದಾಗ ಹೋಲಿಸೋಕೆ ಬೇಕಾಗತ್ತೆ.